ತಮ್ಮ ಈಗ ಚೆನ್ನಾಗಿದ್ದಾನೆ. ಮತ್ತೆ ಹಾಗಾದರೆ ಏನು ಅನ್ನೋ ಮಾತನ್ನ ಈಗ ಹೇಗೆ ಎತ್ತೋದು?

ಬಿಸಿಲುಗದ್ದೆ · ಗುರುವಾರ, ರಾತ್ರಿ 11:20

ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾನಿರೋದು ಮೈಸೂರಲ್ಲಿ. ಅಮ್ಮ, ತಮ್ಮ ಪಾಂಡವಪುರದ ಹತ್ತಿರ ಹಳ್ಳೀಲಿ. ತಮ್ಮನಿಗೆ 27. ಹೋದ ವರ್ಷ ದಸರಾ ಮುಗಿದ ವಾರ ಶುರುವಾಯ್ತು. ಮೊದಲು ಹೋಗಿದ್ದು ನಿದ್ದೆ. ಮೂರು ರಾತ್ರಿ ಕಣ್ಣು ಮುಚ್ಚದೇ ಇದ್ರೂ ಸುಸ್ತು ಅನ್ನೋದೇ ಇಲ್ಲ, ಖುಷಿಯೋ ಖುಷಿ. ಆಲೆಮನೆ ಹಾಕ್ತೀನಿ, ಬೆಲ್ಲನ ದುಬೈಗೆ ಕಳಿಸ್ತೀನಿ ಅಂತ ರಾತ್ರಿ ಎರಡು ಗಂಟೆಗೆ ಊರವರಿಗೆಲ್ಲ ಫೋನು. ನಮಗೋ, ಹುಡುಗ ಕೊನೆಗೂ ಮೈಬಗ್ಗಿಸಿ ದುಡಿಯೋ ಯೋಚನೆ ಮಾಡಿದ ಅನ್ನೋ ಸಂತೋಷ! ಅಮ್ಮನ ಬಳೆ ಅಡ ಇಟ್ಟ. ಆರನೇ ದಿನ ನಾಲೆ ಏರಿ ಮೇಲೆ ನಿಂತು, ಕಬ್ಬಿನ ಗಾಡಿಗಳನ್ನ ತಡೆದು, ಇನ್ಮೇಲೆ ಕಬ್ಬಿನ ರೇಟು ನಾನು ಕಟ್ಟೋದು ಅಂತ ಕೂಗಾಡಿದ. ತಡೆಯೋಕೆ ಹೋದ ಚಿಕ್ಕಪ್ಪನ ಕೈಗೆ ಪೆಟ್ಟಾಯ್ತು.

ಆಮೇಲೆ ನಾವು ಮಾಡಿದ್ದು ಹೇಳೋಕೆ ನಾಚಿಕೆ. ದೊಡ್ಡಪ್ಪ ಮತ್ತಿಬ್ಬರು ಸೇರಿ ಕೊಟ್ಟಿಗೆ ಕಂಬಕ್ಕೆ ಕಟ್ಟಿದ್ರು. ಎರಡು ದಿನ. ಯಾರೋ ಬಂದು ಗಾಳಿ ಸೋಕಿದೆ ಅಂತ ನಿಂಬೆಹಣ್ಣು ಕುಯ್ದು ಬೇವಿನ ಸೊಪ್ಪಲ್ಲಿ ಹೊಡೆದ. ನಾನು ಹೋಗೋ ಹೊತ್ತಿಗೆ ಮಣಿಕಟ್ಟು ಸುಲಿದುಹೋಗಿತ್ತು. ಮೂರನೇ ದಿನ ಆಸ್ಪತ್ರೆ. ಬೈಪೋಲಾರ್ ಅಂದ್ರು, ಮನಸ್ಸು ಒಮ್ಮೆ ತೀರಾ ಏರಿ ಒಮ್ಮೆ ತೀರಾ ಇಳಿಯೋ ಖಾಯಿಲೆ. ಲಿಥಿಯಂ ಮತ್ತೆ ಇನ್ನೊಂದು ಮಾತ್ರೆ. ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಗೋಡೆ ಕಡೆ ಮುಖ ಹಾಕಿ ಮಲಗಿದ್ದ. ಒಂದಿನ "ನಾನಿಲ್ಲದಿದ್ರೆ ನಿಮಗೆ ನೆಮ್ಮದಿ" ಅಂದ. ನಾನು "ಹುಚ್ಚುಹುಚ್ಚಾಗಿ ಮಾತಾಡ್ಬೇಡ ಸುಮ್ನಿರು" ಅಂದುಬಿಟ್ಟೆ. ಯಾವ ಮಾತು ಯಾರಿಗೆ ಅಂದೆ ಅಂತ ಆಮೇಲೆ ಹೊಳೀತು.

ಈಗ ನಾಲ್ಕು ತಿಂಗಳಿಂದ ಸರಿಯಾಗಿದ್ದಾನೆ. ಎರಡು ಎಮ್ಮೆ ಕಟ್ಟಿಕೊಂಡು ಡೈರಿಗೆ ಹಾಲು ಹಾಕ್ತಾನೆ. ಮಾತ್ರೆ ತಾನೇ ನುಂಗ್ತಾನೆ, ಆದ್ರೆ ಅಮ್ಮನಿಗೆ ಅನುಮಾನ. ಮೊದಲು ಅವನು ಬೇಡ ಅಂತಿದ್ದ ದಿನಗಳಲ್ಲಿ ಪುಡಿ ಮಾಡಿ ಉಪ್ಸಾರಿಗೆ ಬೆರೆಸ್ತಿದ್ಲು, ಈಗಲೂ ಒಂದೊಂದು ದಿನ ಹಾಗೇ ಮಾಡ್ತಾಳಂತೆ. ಅವನಿಗೆ ಗೊತ್ತಿಲ್ಲ.

ದಸರಾ ಮತ್ತೆ ಹತ್ತಿರ ಬರ್ತಿದೆ. ಮತ್ತೆ ಹಾಗಾದ್ರೆ ಏನು ಮಾಡೋದು ಅಂತ ಅವನ ಹತ್ರಾನೇ ಕೇಳ್ಬೇಕಾ? ಕೇಳಿದ್ರೆ ಅದೇ ನೆನಪಾಗಿ ಮತ್ತೆ ಶುರುವಾಗುತ್ತಾ?

ನೇರಮಾತು · ಗುರುವಾರ, ರಾತ್ರಿ 11:52

ಕೆಲಸ ಇಲ್ಲದೇ ಬರೋ ಖಾಯಿಲೆ. ಒಂದು ಮದುವೆ ಮಾಡಿ, ಜವಾಬ್ದಾರಿ ಬಿದ್ರೆ ತಾನಾಗೇ ಸರಿಹೋಗ್ತಾನೆ. ನಮ್ಮ ಕಾಲದಲ್ಲಿ ಬೈಪೋಲಾರು ಗೀಪೋಲಾರು ಎಲ್ಲಿತ್ತು?

ಹಳೇಬಸ್ಸು · ಶುಕ್ರವಾರ, ಬೆಳಗ್ಗೆ 5:40

ಇತ್ತು ಸಾರ್. ನಿಮ್ಮೂರಲ್ಲೂ ಒಬ್ಬ ಇದ್ದಿರ್ತಾನೆ, ಹುಡುಗರು ಕಲ್ಲು ಹೊಡೀತಿದ್ದವನು. ನಿಮಗೆ ರೋಗದ ಹೆಸರು ಗೊತ್ತಿರಲಿಲ್ಲ ಅಷ್ಟೇ. ನನಗೂ ನೀವು ಹೇಳಿದ ಮದುವೆ ಅನ್ನೋ ಔಷಧೀನೇ ಕೊಟ್ಟಿದ್ರು, 2009ರಲ್ಲಿ. ಒಬ್ಬನ ಕಷ್ಟ ಇಬ್ಬರಿಗಾಯ್ತು. ನನ್ನ ಹೆಂಡತಿ ಬಿಟ್ಟುಹೋಗಲಿಲ್ಲ, ಅದು ಅವಳ ದೊಡ್ಡತನ.

ಬಿಸಿಲುಗದ್ದೆ ಅವರೇ, ನಿಮಗೆ ಸಂಜೆ ಕೂತು ಬರೀತೀನಿ. ಸದ್ಯಕ್ಕೆ ಇಷ್ಟು: ಕೇಳಿ. ಕೇಳಿದ್ದಕ್ಕೆ ಬರೋ ಖಾಯಿಲೆ ಅಲ್ಲ ಇದು.

ನೈಟ್‌ಡ್ಯೂಟಿ · ಶುಕ್ರವಾರ, ಬೆಳಗ್ಗೆ 6:15

ಉಳಿದದ್ದೆಲ್ಲ ಆಮೇಲೆ. ಮೊದಲು ಆ ಉಪ್ಸಾರು ನಿಲ್ಲಿಸಿ, ಇವತ್ತೇ. ಅಮ್ಮನಿಗೆ ಈಗಲೇ ಫೋನ್ ಮಾಡಿ.

ನಾನು ನರ್ಸ್, 26 ವರ್ಷ ಸರ್ವಿಸು, ಅದರಲ್ಲಿ ಹನ್ನೊಂದು ವರ್ಷ ಮನೋವೈದ್ಯ ವಾರ್ಡು. ಲಿಥಿಯಂ ಒಳ್ಳೇ ಔಷಧಿ, ಆದ್ರೆ ಹೆಚ್ಚುಕಮ್ಮಿ ಆದ್ರೆ ಸಹಿಸೋದಿಲ್ಲ. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ 0.6ರಿಂದ 1.2ರೊಳಗೆ ಇರಬೇಕು, 1.5 ದಾಟಿದ್ರೆ ವಿಷವಾಗೋಕೆ ಶುರು. ಅವನೂ ನುಂಗಿ, ಅಮ್ಮನೂ ಬೆರೆಸಿದ್ರೆ ಎರಡು ಡೋಸು. ನಿಧಾನವಾಗಿ ಕರಗೋ ಥರ ಮಾಡಿರೋ ಮಾತ್ರೆಯಾದ್ರೆ ಪುಡಿ ಮಾಡೋದೇ ತಪ್ಪು. ವಾಂತಿ, ಭೇದಿ, ಕೈ ಜೋರಾಗಿ ನಡುಗೋದು, ಕುಡಿದವರ ಥರ ತೂರಾಡೋದು, ಮಾತು ತೊದಲೋದು ಕಂಡ್ರೆ ಮಾತ್ರೆ ನಿಲ್ಲಿಸಿ ನೇರ ಆಸ್ಪತ್ರೆಗೆ. ಲಕ್ಷಣ ಇಲ್ಲದಿದ್ರೂ ಈ ವಾರ ಡಾಕ್ಟರಿಗೆ ವಿಷಯ ಹೇಳಿ ರಕ್ತ ಕೊಡಿ. ರಾತ್ರಿ ಮಾತ್ರೆ ತಗೊಂಡು ಹನ್ನೆರಡು ಗಂಟೆ ಆದ ಮೇಲೆ, ಬೆಳಗಿನ ಮಾತ್ರೆಗೆ ಮುಂಚೆ.

ನಿಮ್ಮ ಕಡೆ ಇನ್ನೊಂದು ಕಾಟ ಇದೆ. ಬಿಸಿಲಲ್ಲಿ ಕಬ್ಬು ಕಡಿದು ಬೆವರಿ ನೀರು ಕಮ್ಮಿಯಾದ್ರೆ ಲಿಥಿಯಂ ಮಟ್ಟ ಏರುತ್ತೆ. ಸಂಜೆ ಸೊಂಟ ನೋವು ಅಂತ ಮೆಡಿಕಲ್ ಸ್ಟೋರಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಗೊಂಡ್ರೂ ಏರುತ್ತೆ. ನೋವಿಗೆ ಯಾವುದಾಗುತ್ತೆ ಅಂತ ಡಾಕ್ಟರ ಹತ್ರ ಚೀಟೀಲಿ ಬರೆಸ್ಕೊಳ್ಳಿ. ಬಿಪಿ ಅಂತ ಯಾರೋ ಹೇಳಿದ್ರು ಅಂತ ಉಪ್ಪನ್ನ ಒಮ್ಮೆಲೇ ಬಿಡೋದೂ ಬೇಡ.

ಬಿಸಿಲುಗದ್ದೆ · ಶುಕ್ರವಾರ, ಬೆಳಗ್ಗೆ 7:05

ಸಿಸ್ಟರ್, ಫೋನ್ ಮಾಡಿದೆ. ಅಮ್ಮ ಅಳ್ತಿದ್ಲು. "ಒಳ್ಳೇದಾಗ್ಲಿ ಅಂತ ಮಾಡ್ದೆ ಕಣೆ" ಅಂತಾಳೆ. ಇನ್ನು ಬೆರೆಸಲ್ಲ ಅಂದಿದ್ದಾಳೆ. ನಾಳೆ ರಕ್ತಪರೀಕ್ಷೆ.

ಕೆರೆಏರಿ · ಶುಕ್ರವಾರ, ಮಧ್ಯಾಹ್ನ 1:30

ಅವ್ವನ್ನ ಬಯ್ಬೇಡ ಕನವ್ವ. ಹೆತ್ತೋಳಿಗೆ ಏನ್ ಗೊತ್ತಾಯ್ತದೆ, ಯಾರು ಯೋಳ್ಕೊಟ್ಟವ್ರೆ.

ನಾನೂ ಮಂಡ್ಯ ಕಡೆಯವ್ನೇ. ನೀನು ಬರ್ದಿರ ಇನ್ನೊಂದ್ ಮಾತು ನಂಗೆ ಕುಟುಕ್ತು. "ನಾನಿಲ್ದಿದ್ರೆ ನೆಮ್ಮದಿ" ಅಂತ ಅಂದ ಅಂದ್ಯಲ್ಲ, ಅದು. ನಮ್ಮಕ್ಕನ ಮಗ ಇಂಗೇ ಅಂದಿದ್ದ. ಬೋರು ಕೊರ್ಸಿ ನೀರು ಬೀಳ್ನಿಲ್ಲ, ಕೈಸಾಲ ಬೇರೆ. ನಾವೂ "ಗಂಡ್ಸು ಇಂಗೆಲ್ಲ ಮಾತಾಡ್ಬಾರ್ದು" ಅಂದ್ಬುಟ್ಟು ಎದ್ದೋಗಿದ್ವಿ. ಆಮೇಲೆ ಆಸಾ ಕಾರ್ಯಕರ್ತೆ ಹುಡ್ಗಿ ಒಬ್ಳು ನಂಗೆ ಯೋಳುದ್ಲು, ಬಾಯ್ಬುಟ್ಟು ಕೇಳಿ ಅಂತ. ಕೇಳುದ್ರೆ ಆ ಯೋಚ್ನೆ ನಾವೇ ತುಂಬ್ದಂಗೆ ಆಗಕಿಲ್ವಾ ಅಂದೆ. ಆಗಕಿಲ್ಲ ಅಂದ್ಲು. ಪಂಪ್‌ಸೆಟ್ ಮನೆ ತಾವ ಇಬ್ರೇ ಕುಂತಾಗ ಕೇಳ್ದೆ, "ಸಾಯ್ಬೇಕು ಅನ್ನುಸ್ತದಾ ಮಗ?" ಅಂತ. ವಸಿ ಹೊತ್ತು ನೆಲ ನೋಡ್ದ, ಆಮೇಲೆ ಹೂಂ ಅಂದ. ಹೂಂ ಅಂದ್ಮೇಲೆ ಏನ್ ಮಾಡ್ಬೇಕು ಅಂತ ನಂಗೂ ಗೊತ್ತಿರ್ನಿಲ್ಲ. ಸುಮ್ಕೆ ಪಕ್ಕದಲ್ಲೇ ಕುಂತ್ಕಂಡೆ. ಬುದ್ಧಿವಾದ ಯೋಳ್ನಿಲ್ಲ. ಯೋಳಕೆ ಬರ್ನಿಲ್ಲ ಅನ್ನು.

ಅವತ್ತು ಸಂಜೇನೇ ಬೆಳೆಗೆ ಹೊಡಿಯೋ ಔಷ್ದಿ ಎಲ್ಲಾನೂ ಮನೆಯಿಂದ ಎತ್ತಿ, ನಮ್ಮನೆ ಕಬ್ಬಿಣದ ಪೆಟ್ಟಿಗೇಲಿ ಮಡಗಿ ಬೀಗ ಹಾಕ್ದೆ. ಹೊಡಿಯೋ ದಿನ ನಾನೇ ಅಳ್ದು ಕೊಡೋದು. ಮನಸು ಕೆಟ್ಟ ಆ ಗಳಿಗೆ ದಾಟ್ಬುಟ್ರೆ ಮನುಸ ಬದುಕ್ತಾನೆ ಕನವ್ವ, ಆ ಗಳಿಗೇಲಿ ಕೈಗೆ ಏನೂ ಸಿಗ್ಬಾರ್ದು. ರಾತ್ರಿ 14416ಕ್ಕೆ, ಮನಸಿನ ಕಷ್ಟ ಯೋಳ್ಕಳೋ ಸಹಾಯವಾಣಿಗೆ, ಅವ್ನ ಫೋನಿಂದ್ಲೇ ಮಾಡ್ದೋ. ಕನ್ನಡದಲ್ಲೇ ಮಾತಾಡುದ್ರು, ಮುಕ್ಕಾಲು ಗಂಟೆ. ಬೆಳಗ್ಗೆ ಮಂಡ್ಯ ಮಿಮ್ಸ್ ಆಸ್ಪತ್ರೆ. ಅದೇನು ಒಂದೇ ದಿನ್ಕೆ ಸರಿ ಆಗ್ನಿಲ್ಲ. ಈಗ ಅವ್ನೆ, ರೇಷ್ಮೆ ಸಾಕಣೆ ಮಾಡ್ತಾವ್ನೆ.

ನೈಟ್‌ಡ್ಯೂಟಿ · ಶುಕ್ರವಾರ, ಮಧ್ಯಾಹ್ನ 2:10

ಅಣ್ಣ, ನೀವು ಮಾಡಿದ್ದು ಸರಿಯಾಗಿದೆ. ಆ ಹೂಂಗೆ ಒಂದು ಪ್ರಶ್ನೆ ಸೇರಿಸ್ತೀನಿ: ಹೇಗೆ, ಯಾವಾಗ ಅಂತ ಯೋಚನೆ ಮಾಡಿದ್ದೀಯಾ? ಅದಕ್ಕೂ ಹೂಂ ಅಂದ್ರೆ ಬೆಳಗಾಗಲಿ ಅಂತ ಕಾಯಬಾರದು, ಒಬ್ಬನೇ ಬಿಡಬಾರದು. 108 ಅಥವಾ 112. ಮಾತ್ರೆಗಳೂ ಅಷ್ಟೇ, ಮೂರು ತಿಂಗಳದ್ದು ಒಟ್ಟಿಗೆ ತಂದು ಬೀರೂಲಿ ಇಡಬೇಡಿ. ಎರಡು ವಾರದ್ದು ಮಾತ್ರ ಕೈಗೆ ಸಿಗೋ ಹಾಗಿರಲಿ.

ಟೆಲಿಮನಸ್ 14416 ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ರಿಂದ ಇದೆ, ಹಗಲೂ ರಾತ್ರಿ, ಪುಕ್ಕಟೆ. ಖಾಯಿಲೆ ಇರೋರೇ ಮಾಡ್ಬೇಕು ಅಂತಿಲ್ಲ, ನಿದ್ದೆಗೆಟ್ಟಿರೋ ಅಕ್ಕನೂ ಮಾಡಬಹುದು.

ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ವಾರಗಳ ಬಗ್ಗೆಯೂ ಎಚ್ಚರ. ಡಿಸ್ಚಾರ್ಜ್ ಆಯ್ತು, ಗೆದ್ದೆವು ಅಂತ ಮನೆಯವರು ಉಸಿರು ಬಿಡೋ ಹೊತ್ತು ಅದು. ಜೀವಕ್ಕೆ ಅಪಾಯ ಹೆಚ್ಚಿರೋದೂ ಆಗಲೇ.

ಹಳೇಬಸ್ಸು · ಶುಕ್ರವಾರ, ರಾತ್ರಿ 8:45

ಬರೀತೀನಿ ಅಂದಿದ್ದೆ.

ನನಗೆ ಮೂರು ಸಲ ಏರಿದೆ, ಒಂದು ಸಲ ತುಂಬಾ ಕೆಳಗಿಳಿದಿದೆ. ಏರಿದಾಗ ಒಳಗೆ ಹೇಗಿರುತ್ತೆ ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಅರಮನೆಗೆ ಭಾನುವಾರ ಸಂಜೆ ಏಳಕ್ಕೆ ಒಮ್ಮೆಲೇ ದೀಪ ಹತ್ತುತ್ತಲ್ಲ, ತಲೆಯೊಳಗೆ ಹಾಗೆ. ಆರಿಸು ಅಂತ ಬಂದೋರೆಲ್ಲ ಶತ್ರುಗಳೇ. ಆಗ ಬಂದು "ನಿನಗೆ ಖಾಯಿಲೆ ಇದೆ" ಅಂದ್ರೆ ನಾನು ಕೇಳೋದಿಲ್ಲ. ಕೇಳೋದು ಈಗ, ನೆಟ್ಟಗಿದ್ದಾಗ. ನಿಮ್ಮ ತಮ್ಮನಿಗೂ ಇದು ಅಂಥ ಕಾಲ, ಸುಮ್ಮನೆ ಕಳೀಬೇಡಿ.

ನಾನು, ಹೆಂಡತಿ, ನನ್ನ ಸ್ನೇಹಿತ ಮೂವರೂ ಕೂತು ಒಂದು ಹಾಳೆ ಬರೆದಿದ್ದೀವಿ. ಎರಡು ರಾತ್ರಿ ಸತತವಾಗಿ ನಾಲ್ಕು ಗಂಟೆಗಿಂತ ಕಮ್ಮಿ ಮಲಗಿದ್ರೆ ಎಟಿಎಂ ಕಾರ್ಡು ಅವಳ ಕೈಗೆ ಕೊಡ್ತೀನಿ, ವಾದ ಇಲ್ಲ. ಫೋನಲ್ಲಿ ಹಣ ಕಳಿಸೋ ಮಿತಿ ಈಗಲೇ ಎರಡು ಸಾವಿರಕ್ಕೆ ಇಳಿಸಿದ್ದೀನಿ. ಡಾಕ್ಟರು ಮುಂಚೇನೇ ಹೇಳಿಕೊಟ್ಟಿರೋ ಒಂದು ನಿದ್ದೆ ಮಾತ್ರೆ ಇದೆ, ಅವತ್ತು ಶುರು, ಮರುದಿನ ಅವರಿಗೆ ಫೋನು. ಬೈಕ್ ಕೀ ಸ್ನೇಹಿತನಿಗೆ. ಮೂರನೇ ಸಲ ಏರಿದಾಗ ಆ ಹಾಳೆ ಹಿಡಿದು ಬಂದು "ನೋಡಪ್ಪ, ನಿನ್ನ ಕೈಬರಹವೇ" ಅಂದ. ಸಿಕ್ಕಾಪಟ್ಟೆ ಕೋಪ ಬಂತು, ಹಾಳೇನ ಹರಿದೆ. ಅವನ ಹತ್ರ ಜೆರಾಕ್ಸ್ ಇತ್ತು! ಆ ಸಲ ಆಸ್ಪತ್ರೆ ಸೇರಲಿಲ್ಲ ನಾನು.

ಮಾತಾಡೋ ರೀತಿ ಒಂದು ಹೇಳ್ತೀನಿ. ಅವನು ಆ ಹೊತ್ತಲ್ಲಿ ಹೇಳೋದನ್ನ ನಿಜ ಅಂತಲೂ ಒಪ್ಪಬೇಡಿ, ಸುಳ್ಳು ಅಂತಲೂ ವಾದಕ್ಕೆ ನಿಲ್ಲಬೇಡಿ. ನನ್ನ ಸ್ನೇಹಿತ ಕೇಳ್ತಿದ್ದದ್ದು ಒಂದೇ, "ನಿದ್ದೆ ಮಾಡಿ ಎಷ್ಟು ದಿನ ಆಯ್ತೋ? ನಂಗೆ ಭಯ ಆಗ್ತಿದೆ ಕಣೋ." ಅವನ ಭಯಾನ ನಾನು ಸುಳ್ಳು ಅನ್ನೋಕೆ ಆಗ್ತಿರಲಿಲ್ಲ. ಒಬ್ಬರು ಮಾತ್ರ ಮಾತಾಡಿ. ಟಿವಿ ಆರಿಸಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಅವನಿಗೂ ನಿಮಗೂ ಹೊರಗೆ ಹೋಗೋ ದಾರಿ ಇರಲಿ.

ಕಪ್ಪುಕೋಟು · ಶನಿವಾರ, ಬೆಳಗ್ಗೆ 10:30

ಹಳೇಬಸ್ಸು ಅವರ ಹಾಳೆಗೆ ಕಾನೂನಲ್ಲೂ ಜಾಗ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮುಂಗಡ ನಿರ್ದೇಶನ ಅಂತ ಒಂದು ಅವಕಾಶ: ಮುಂದೆ ನನಗೆ ತಿಳಿವಳಿಕೆ ತಪ್ಪಿದ ಹೊತ್ತಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ವಯಸ್ಕರು ಯಾರೇ ಆಗಲಿ ಬರೆದಿಡಬಹುದು. ತುರ್ತು ಚಿಕಿತ್ಸೆಗೆ ಅದು ಅಡ್ಡ ಬರಲ್ಲ. ಅದಕ್ಕಿಂತ ಸುಲಭ, ನನ್ನ ಪ್ರಕಾರ ಹೆಚ್ಚು ಉಪಯೋಗದ್ದು, 14ನೇ ಸೆಕ್ಷನ್ನಿನ ನಾಮನಿರ್ದೇಶಿತ ಪ್ರತಿನಿಧಿ. ಬಿಳಿ ಹಾಳೆ ಮೇಲೆ "ನನ್ನ ಪರವಾಗಿ ಇಂಥವರು" ಅಂತ ಬರೆದು ಸಹಿಯೋ ಹೆಬ್ಬೆಟ್ಟೋ ಹಾಕಿದ್ರೆ ಆಯ್ತು, ಆ ವ್ಯಕ್ತಿಯೂ ಒಪ್ಪಿ ಬರೆದುಕೊಡಬೇಕು. ನೆಂಟರೇ ಆಗಿರಬೇಕು ಅಂತಿಲ್ಲ. ಅವನು ಬೇಡ ಅಂದ್ರೂ ಸೇರಿಸಲೇಬೇಕಾದ ಸ್ಥಿತಿ ಬಂದ್ರೆ ಅರ್ಜಿ ಕೊಡೋದು ಈ ಪ್ರತಿನಿಧಿ, ಇಬ್ಬರು ತಜ್ಞರು ಬೇರೆಬೇರೆಯಾಗಿ ನೋಡಬೇಕು, ಮೊದಲಿಗೆ 30 ದಿನದವರೆಗೆ. ಮನೋವೈದ್ಯರೇ ಸಿಗದ ಕಡೆ ಜೀವಕ್ಕೆ ಅಪಾಯ ಅಂತಿದ್ರೆ ಯಾವುದೇ ನೋಂದಾಯಿತ ವೈದ್ಯರು 72 ಗಂಟೆವರೆಗೆ ತುರ್ತು ಚಿಕಿತ್ಸೆ ಕೊಡಬಹುದು.

ಪೊಲೀಸರ ಹೆದರಿಕೆ ಬಹಳ ಮನೆಗಳಲ್ಲಿದೆ. ಜೀವ ಕಳಕೊಳ್ಳೋಕೆ ಪ್ರಯತ್ನಿಸಿದವರನ್ನ ತೀವ್ರ ಒತ್ತಡದಲ್ಲಿದ್ದವರು ಅಂತಲೇ ಕಾಯ್ದೆಯ 115ನೇ ಸೆಕ್ಷನ್ ಪರಿಗಣಿಸುತ್ತೆ. ಕೇಸಾಗುತ್ತೆ ಅಂತ ಹೆದರಿ ಆಸ್ಪತ್ರೆಗೆ ಕರ್ಕೊಂಡು ಹೋಗದೇ ಕೂರಬೇಡಿ.

ಇನ್ನು ಕಂಬಕ್ಕೆ ಕಟ್ಟಿದ್ದು. ಸರಪಳಿ ಹಾಕೋದನ್ನ ಈ ಕಾಯ್ದೆ ಪೂರ್ತಿ ನಿಷೇಧಿಸಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನ ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ 28 ಜನ ಸತ್ತರು, ಸರಪಳಿಯಲ್ಲಿದ್ದ ಕಾರಣ ಓಡೋಕೆ ಆಗಲಿಲ್ಲ. ನಿಮ್ಮ ದೊಡ್ಡಪ್ಪ ಕೆಟ್ಟವರು ಅಂತ ಹೇಳ್ತಿಲ್ಲ. ಅವರಿಗೆ ಬೇರೆ ದಾರಿ ಯಾರೂ ತೋರಿಸಿರಲಿಲ್ಲ.

ಮಲ್ಲಿಗೆಮೊಗ್ಗು · ಶನಿವಾರ, ಮಧ್ಯಾಹ್ನ 3:20

ಎಲ್ಲರೂ ತಮ್ಮನ ವಿಷಯ ಹೇಳಿದ್ರು, ನಾನು ಅಮ್ಮನ ವಿಷಯ ಹೇಳ್ತೀನಿ. ನನ್ನ ಯಜಮಾನರಿಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಖಾಯಿಲೆ, ಒಂಟಿಕೊಪ್ಪಲಲ್ಲಿ ಮನೆ. ಮೊದಲನೇ ಸಲ ಒಂಬತ್ತು ರಾತ್ರಿ ನಾನೊಬ್ಬಳೇ ಎದ್ದಿದ್ದೆ. ಹತ್ತನೇ ದಿನ ಆಸ್ಪತ್ರೆ ಬೆಂಚಿನ ಮೇಲೆ ಡಾಕ್ಟರು ಕೇಳಿದ ಪ್ರಶ್ನೆಗೆ ಉತ್ತರ ಹೇಳೋಕಾಗದೇ ಬಿದ್ದುಬಿಟ್ಟೆ. ಎರಡನೇ ಸಲಕ್ಕೆ ಪಾಳಿ ಮಾಡಿಕೊಂಡ್ವಿ: ಹತ್ತರಿಂದ ಎರಡರವರೆಗೆ ಮೈದುನ, ಎರಡರಿಂದ ಆರು ನಾನು. ನಿಮ್ಮಮ್ಮನಿಗೆ ಪಾಳಿ ಬದಲಾಯಿಸೋಕೆ ಯಾರಿದ್ದಾರೆ ಅಂತ ಈಗಲೇ ಹೆಸರು ಬರೆದಿಡಿ.

ವಿಚಾರಿಸೋಕೆ ಬರೋ ಜನಕ್ಕೆ ಒಂದೇ ವಾಕ್ಯ ಸಿದ್ಧ ಇಟ್ಕೊಳ್ಳಿ. ನಮ್ಮತ್ತೆ ಗೇಟಲ್ಲೇ ನಿಂತು "ನಿದ್ದೆ ಕೆಟ್ಟು ಹುಷಾರಿಲ್ಲ, ಆಸ್ಪತ್ರೇಲಿದ್ದಾನೆ, ಬಂದ ಮೇಲೆ ಬನ್ನಿ" ಅಂತಿದ್ರು. ಅದಕ್ಕಿಂತ ಒಂದು ಪದ ಜಾಸ್ತಿ ಇಲ್ಲ.

ದೇವರ ವಿಷಯಕ್ಕೆ ಜಗಳ ಬೇಡ. ಟಿಪ್ಪು ಸುಲ್ತಾನನೇ ಹಕೀಂ (ವೈದ್ಯ) ನಂಜುಂಡ ಅಂತ ಕರೆದ ದೇವರು ಪಕ್ಕದಲ್ಲೇ ಇದ್ದಾನೆ ಅಂತಾರಲ್ಲ, ಪ್ರತಿ ತಿಂಗಳು ನಂಜನಗೂಡಿಗೆ ಹೋಗಿ ಬರ್ತೀವಿ. ಕಪಿಲೇಲಿ ಸ್ನಾನ, ದರ್ಶನ, ವಾಪಸ್ ಬರ್ತಾ ಕೆ.ಆರ್. ಆಸ್ಪತ್ರೇಲಿ ತೋರಿಸಿ ಮಾತ್ರೆ. ಎರಡಕ್ಕೂ ಒಂದೇ ಬಸ್ ಖರ್ಚು.

ನೈಟ್‌ಡ್ಯೂಟಿ · ಶನಿವಾರ, ಸಂಜೆ 6:00

ಮನೆಯಲ್ಲಿ ಒಂದು ಪ್ಲಾಸ್ಟಿಕ್ ಫೈಲು ಇಡಿ: ಹಳೇ ಚೀಟಿಗಳು, ಡಿಸ್ಚಾರ್ಜ್ ಸಾರಾಂಶ, ಈಗಿನ ಮಾತ್ರೆಯ ಒಂದೊಂದು ಖಾಲಿ ಪಟ್ಟಿ, ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್. ತುರ್ತು ವಿಭಾಗದಲ್ಲಿ ನಾವು ಕೇಳೋದು ಯಾವಾಗಿಂದ ನಿದ್ದೆ ಇಲ್ಲ, ಕಡೇ ಮಾತ್ರೆ ಯಾವಾಗ, ಕುಡಿದಿದ್ದಾರಾ, ಬಿದ್ದು ತಲೆಗೆ ಪೆಟ್ಟಾಗಿದೆಯಾ, ಜ್ವರ ಇದೆಯಾ. ಇದನ್ನ ಕೇಳೋದಕ್ಕೆ ಕಾರಣ ಇದೆ. ಇದ್ದಕ್ಕಿದ್ದ ಹಾಗೆ ಬಡಬಡಿಸೋರೆಲ್ಲ ಮಾನಸಿಕ ರೋಗಿಗಳಲ್ಲ. ದಿನಾ ಕುಡಿಯೋರು ಒಮ್ಮೆಲೇ ಬಿಟ್ಟ ಎರಡು ಮೂರು ದಿನಕ್ಕೆ ಕೈ ನಡುಗಿ, ಇಲ್ಲದ್ದೆಲ್ಲ ಕಂಡು ಕಿರುಚಾಡ್ತಾರೆ. ಸಕ್ಕರೆ ಇಳಿದವರು, ಸೋಡಿಯಂ ಇಳಿದ ವಯಸ್ಸಾದವರೂ ಹಾಗೇ. ಅಂಥವರನ್ನ ಮಂತ್ರ ಹಾಕಿಸ್ತಾ ಕೂತ್ರೆ ಜೀವ ಹೋಗುತ್ತೆ.

ಮಾಮೂಲಿ ತೋರಿಸೋಕೆ ದೂರ ಹೋಗ್ಬೇಕಾಗಿಲ್ಲ. ಮನೋಚೈತನ್ಯ ಯೋಜನೇಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ. ಯಾವ ಮಂಗಳವಾರ ಅಂತ ಫೋನ್ ಮಾಡಿ ಕೇಳ್ಕೊಂಡು ಹೋಗಿ.

ನೇರಮಾತು · ಶನಿವಾರ, ರಾತ್ರಿ 9:40

ಸಿಸ್ಟರ್, ಕುಡಿಯೋದು ಬಿಟ್ಟ ಮೂರನೇ ದಿನ ಅಂದ್ರಲ್ಲ. ನನ್ನ ಭಾವಮೈದ ಬಿಟ್ಟು ಇವತ್ತಿಗೆ ಎರಡು ದಿನ. ಕೈ ನಡುಗ್ತಾ ಇದೆ. ಬೆಳಗ್ಗೆ ತೋರಿಸಿದ್ರೆ ಸಾಕಾ?

ನೈಟ್‌ಡ್ಯೂಟಿ · ಶನಿವಾರ, ರಾತ್ರಿ 9:43

ಬೇಡ, ಈಗಲೇ ಹೊರಡಿ. ದಾರೀಲಿ ಒಬ್ಬರು ಪಕ್ಕದಲ್ಲೇ ಕೂತಿರಿ. ದಿನಕ್ಕೆ ಎಷ್ಟು ಕುಡೀತಿದ್ರು, ಕಡೇದು ಯಾವಾಗ ಅಂತ ಹೇಳಿ, ಮುಚ್ಚಿಡಬೇಡಿ.

ಬಿಸಿಲುಗದ್ದೆ · ಮುಂದಿನ ಗುರುವಾರ, ರಾತ್ರಿ 10:15

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಿಲ್ಲ. ಲಿಥಿಯಂ 1.3 ಬಂತು. ಡಾಕ್ಟರು ಅಮ್ಮನಿಗೆ ಬಯ್ಯಲಿಲ್ಲ, ಮುಂದಿನ ವಾರ ಮತ್ತೆ ನೋಡೋಣ ಅಂದ್ರು.

ಭಾನುವಾರ ಊರಿಗೆ ಹೋಗಿದ್ದೆ. ಮನೇಲಿ ಬಾಯಿ ಬರಲಿಲ್ಲ. ಸಂಜೆ ಅವನು ನಾಲೇಲಿ ಎಮ್ಮೆ ಮೈ ತೊಳೀತಿದ್ದಾಗ ಮೆಟ್ಟಿಲ ಮೇಲೆ ಕೂತು ಕೇಳಿದೆ, "ಹೋದ ಸಲದ ಥರ ಆದ್ರೆ ನಾನೇನು ಮಾಡ್ಬೇಕೋ?" ಅಂತ. ಎಮ್ಮೆ ಉಜ್ಜೋದು ನಿಲ್ಲಿಸದೇ ಹೇಳ್ತಾ ಹೋದ. ತುಂಬಾ ದಿನದಿಂದ ಯೋಚಿಸಿಟ್ಟಿದ್ದ ಅಂತ ಕಾಣುತ್ತೆ. ನಾನು ಫೋನಲ್ಲಿ ಬರ್ಕೊಂಡೆ. ದೊಡ್ಡಪ್ಪನ್ನ ಕರೀಬೇಡಿ. ಹಗ್ಗ ಬೇಡ. ಫೋನ್ ಕಿತ್ಕೋಬೇಡಿ, ಸಿಮ್ ಬೇಕಾದ್ರೆ ತೆಗೀರಿ, ಹಾಡು ಕೇಳೋಕೆ ಬಿಡಿ. ಹೊಸ ವ್ಯಾಪಾರ ಅಂತ ಹೊರಟ್ರೆ ಹದಿನೈದು ದಿನ ತಡಿ ಅನ್ನಿ. ನನ್ನ ಎದುರಿಗೇ ಕೂತು ನಾನಿಲ್ಲದೋರ ಥರ ನನ್ನ ವಿಷಯ ಮಾತಾಡ್ಬೇಡಿ.

ಸಾಯ್ಬೇಕು ಅನ್ಸಿತ್ತಾ ಅಂತಲೂ ಕೇಳಿದೆ. ಆಗ ಅನ್ಸಿತ್ತು, ಈಗ ಇಲ್ಲ ಅಂದ. ಮತ್ತೆ ಅನ್ಸಿದ್ರೆ ಹೇಳ್ತೀಯಾ ಅಂದೆ. "ನೀನು ಬಯ್ಯಲ್ಲ ಅಂದ್ರೆ" ಅಂದ.

ಪ್ರತಿನಿಧಿ ನಾನೇ ಅಂದ್ಕೊಂಡಿದ್ದೆ. ಅವನು ಹೇಳಿದ್ದು ಗೂಡ್ಸ್ ಆಟೋ ಓಡಿಸೋ ಅವನ ಸ್ನೇಹಿತನ ಹೆಸರು. "ನೀನು ಮೈಸೂರಿಂದ ಬರೋಕೆ ಒಂದು ಗಂಟೆ ಬೇಕು, ಬಂದ್ಮೇಲೆ ಅಳೋಕೆ ಇನ್ನೊಂದು ಗಂಟೆ" ಅಂತ ನಕ್ಕ. ನಾನೂ ನಕ್ಕೆ, ಆದ್ರೆ ರಾತ್ರಿ ಬಸ್ಸಲ್ಲಿ ತುಂಬಾ ಅತ್ತೆ.

ಉಪ್ಸಾರಿನ ವಿಷಯ ಅಮ್ಮನೇ ಹೇಳಿದ್ಲು. ಎದ್ದು ಹೋದ. ಎರಡು ದಿನ ಅವಳ ಕೈ ಅಡುಗೆ ಮುಟ್ಟಲಿಲ್ಲ, ತಾನೇ ಅನ್ನ ಬೇಯಿಸ್ಕೊಂಡ. ಮೂರನೇ ದಿನ ಅಮ್ಮ ಎರಡು ವಾರದ ಮಾತ್ರೆ ಅವನ ತಟ್ಟೆ ಪಕ್ಕ ಇಟ್ಟು ಹೊರಗೆ ಹೋಗಿ ಕೂತಳಂತೆ. ಒಳಗೆ ಬಂದಾಗ ಮುದ್ದೆ ಖಾಲಿಯಾಗಿತ್ತಂತೆ.

ಹಾಳೆ ಬರೆದಾಯ್ತು. ನಾಲ್ಕು ಜೆರಾಕ್ಸ್ ಮಾಡ್ಸಿದ್ದೀನಿ (ಹಳೇಬಸ್ಸು ಸಾರ್, ನಿಮ್ಮ ದಯೆ). ಕೊನೇ ಸಾಲು ಅವನೇ ಬರೆದಿದ್ದು: "ನಾನು ಆಸ್ಪತ್ರೇಲಿದ್ರೆ ಎಮ್ಮೆ ಹಾಲು ಕರೆಯೋರು ಯಾರು?" ಅದರ ಮುಂದೆ ಜಾಗ ಖಾಲಿ ಬಿಟ್ಟಿದ್ದಾನೆ. ಹೋದ ಸಲ ಒಂದೆಮ್ಮೆಗೆ ಕೆಚ್ಚಲು ಬಾವು ಬಂದಿತ್ತು. ಅಮ್ಮನಿಗೆ ಮಂಡಿನೋವು, ಕೂತು ಕರೆಯೋಕಾಗಲ್ಲ.

ಕೆರೆಏರಿ · ಗುರುವಾರ, ರಾತ್ರಿ 10:40

ಡೈರಿ ಸೆಕ್ರೆಟ್ರಿನ ಕೇಳವ್ವ. ಯಾರ್ ಮನೆ ಎಮ್ಮೆ ಯಾರ್ ಕೈಗೆ ಹಾಲು ಬುಡ್ತದೆ ಅಂತ ಅವ್ರಿಗೇ ಗೊತ್ತಿರದು. ಈಗಿಂದ್ಲೇ ವಾರಕ್ಕೊಂದ್ ದಿನ ಆ ಮನುಸನ ಕೈಲಿ ಕರ್ಸು, ಇಲ್ದಿದ್ರೆ ಹೊಸ ಕೈ ಅಂತ ಒದೀತದೆ.